ಎಣ್ಣೆಯಲ್ಲಿ ಮುಳುಗಿಸದೆ ಗರಿಗರಿ: ಗ್ರೀಕ್ ಮಾದರಿಯ ಓವನ್ ಫ್ರೈಸ್

ಕಿರುತೆರೆಯ ಮೇಲೆ ಅಡುಗೆ ಬಹು ಬೇಗ ಮುಗಿಯುತ್ತದೆ. ಹೆಚ್ಚಿದ ಆಲೂಗೆಡ್ಡೆಯ ತಟ್ಟೆ ಓವನ್ನಿನೊಳಗೆ ಹೋದದ್ದೇ ತಡ, ಹೊಂಬಣ್ಣಕ್ಕೆ ತಿರುಗಿದ ಇನ್ನೊಂದು ತಟ್ಟೆ ಹೊರಗೆ ಬರುತ್ತದೆ. ನಡುವಿನ ನಲವತ್ತು ನಿಮಿಷ ಸಂಕಲನದ ಕೋಣೆಯಲ್ಲೇ ಉಳಿದುಬಿಡುತ್ತದೆ. ನೋಡಿದವರು ಉತ್ಸಾಹದಿಂದ ಮನೆಯಲ್ಲಿ ಮಾಡಿದಾಗ ಕೈಗೆ ಬರುವುದು ತುದಿ ಕಪ್ಪಾಗಿ ನಡು ಮೆತ್ತಗಾದ, ಎತ್ತಿ ಹಿಡಿದರೆ ಜೋಲು ಬೀಳುವ ತುಂಡುಗಳು. 'ಓವನ್ನಿನಲ್ಲಿ ಗರಿಗರಿ ಬರುವುದಿಲ್ಲ' ಎಂದು ತೀರ್ಮಾನಿಸಿ, ಮತ್ತೆ ಬಾಣಲೆಗೆ ಎಣ್ಣೆ ಸುರಿಯುತ್ತಾರೆ. ತೆರೆಯ ಮೇಲೆ ತೋರಿಸಲಾಗದ ಆ ನಲವತ್ತು ನಿಮಿಷಗಳನ್ನು ನಿಮಗೆ ಒಪ್ಪಿಸುವುದೇ ಈ ಬರಹದ ಉದ್ದೇಶ.

ಇದೇನೂ ಬರಿಯ ಬಾಯಿಚಪಲದ ಮಾತಲ್ಲ. ಮನೆಯಲ್ಲಿ ಒಬ್ಬರಿಗೆ ವೈದ್ಯರು 'ಕರಿದದ್ದು ಕಡಿಮೆ ಮಾಡಿ' ಎಂದಿರುತ್ತಾರೆ. ಅದೇ ಮನೆಯ ಮಕ್ಕಳು ಫ್ರೈಸ್‌ಗಾಗಿ ಹಟ ಹಿಡಿಯುತ್ತಾರೆ. ಒಮ್ಮೆ ಕರಿದರೆ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸು ಬಾರದೆ ಮತ್ತೆ ಮತ್ತೆ ಕಾಯಿಸುತ್ತೇವೆ. ಹೀಗೆ ಕಾಯಿಸಿದಷ್ಟೂ ಎಣ್ಣೆ ಒಡೆದು ಬೇಡದ ಸಂಯುಕ್ತಗಳು ಹೆಚ್ಚುತ್ತವೆ. ಅದಕ್ಕಾಗಿಯೇ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಕರಿಯುವ ಎಣ್ಣೆಯಲ್ಲಿ 'ಒಟ್ಟು ಧ್ರುವೀಯ ಸಂಯುಕ್ತ'ಗಳು ಶೇಕಡ ೨೫ನ್ನು ಮೀರಬಾರದೆಂಬ ನಿಯಮವನ್ನು ೨೦೧೮ರ ಜುಲೈ ೧ರಿಂದ ಜಾರಿಗೆ ತಂದಿತು. ಅಂಗಡಿಗೆ ನಿಯಮವಿದೆ, ಅಳೆಯುವ ಉಪಕರಣವೂ ಇದೆ. ಮನೆಯ ಬಾಣಲೆಗೆ ಎರಡೂ ಇಲ್ಲ. ಎರಡು ಚಮಚ ಎಣ್ಣೆಯಲ್ಲೇ ಕೆಲಸ ಮುಗಿಯುವುದಾದರೆ ಉಳಿದ ಎಣ್ಣೆಯ ಪ್ರಶ್ನೆಯೇ ಏಳುವುದಿಲ್ಲ.

ಗ್ರೀಸಿನಲ್ಲಿ ಆಲೂಗೆಡ್ಡೆ

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಹುಟ್ಟಿದ ಆಲೂಗೆಡ್ಡೆ ಗ್ರೀಸಿನ ಹೊಲಗಳಲ್ಲಿ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೨೮ರಲ್ಲಿ ಅಧಿಕಾರಕ್ಕೆ ಬಂದ ಸ್ವತಂತ್ರ ಗ್ರೀಸಿನ ಮೊದಲ ರಾಜ್ಯಪಾಲ ಇಯೊನ್ನಿಸ್ ಕಪೊಡಿಸ್ಟ್ರಿಯಾಸ್ ಈ ಬೆಳೆಯನ್ನು ಹರಡಲು ಶ್ರಮಿಸಿದ. ಅವನ ಬಗೆಗೆ ಒಂದು ಕಥೆಯಿದೆ. ಉಚಿತವಾಗಿ ಕೊಟ್ಟರೂ ಜನ ಈ ಗೆಡ್ಡೆಯನ್ನು ಮುಟ್ಟಲಿಲ್ಲವಂತೆ. ಆಗ ಅವನು ಗೆಡ್ಡೆಯ ರಾಶಿಗೆ ಕಾವಲು ಹಾಕಿಸಿದ, ಕದ್ದರೆ ಕಂಡೂ ಕಾಣದಂತಿರಿ ಎಂದು ಕಾವಲುಗಾರರಿಗೆ ಗುಟ್ಟಾಗಿ ಹೇಳಿದ. ಕಾವಲಿದೆ ಎಂದ ಮೇಲೆ ಬೆಲೆಬಾಳುವ ವಸ್ತುವೇ ಇರಬೇಕೆಂದು ಜನ ಕದ್ದೊಯ್ದು ಬೆಳೆದರಂತೆ. ಇದೇ ಕಥೆಯನ್ನು ಫ್ರಾನ್ಸಿನವರು ಪಾರ್ಮೆಂಟಿಯೆ ಎಂಬಾತನ ಮೇಲೂ, ಪ್ರಷ್ಯಾದವರು ತಮ್ಮ ದೊರೆ ಫ್ರೆಡರಿಕ್‌ನ ಮೇಲೂ ಹೇಳುತ್ತಾರಾದ್ದರಿಂದ ಇದನ್ನು ಕಥೆಯೆಂದೇ ಇಟ್ಟುಕೊಳ್ಳೋಣ.

ಇಂದು ನಾಕ್ಸೊಸ್ ದ್ವೀಪದ ಆಲೂಗೆಡ್ಡೆಗೆ ಐರೋಪ್ಯ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಗ್ರೀಕರು ಆಲೂಗೆಡ್ಡೆಯನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಮಾಡುತ್ತಾರೆ. ಒಂದು, ಆಲಿವ್ ಎಣ್ಣೆಯಲ್ಲಿ ಕರಿದು, ಮೇಲೆ ಒಣಗಿದ ಓರೆಗಾನೊ ಎಲೆಯನ್ನೂ ಫೆಟಾ ಗಿಣ್ಣಿನ ಪುಡಿಯನ್ನೂ ಉದುರಿಸಿದ ಫ್ರೈಸ್. ಇನ್ನೊಂದು, ನಿಂಬೆರಸ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಬೆರೆಸಿದ ನೀರಿನಲ್ಲಿ ಓವನ್ನಿನಲ್ಲಿ ನಿಧಾನವಾಗಿ ಬೆಂದು, ಹುಳಿಯನ್ನು ಹೀರಿಕೊಂಡು ಮೆತ್ತಗಾಗುವ ದೊಡ್ಡ ಹೋಳುಗಳು. ನಾವಿಲ್ಲಿ ಹೇಳುತ್ತಿರುವುದು ಇವೆರಡರ ಮಿಲನ. ರುಚಿ ಗ್ರೀಕರ ಬಾಣಲೆಯದು, ಒಲೆ ಅವರ ಓವನ್ನಿನದು.

ಗರಿಗರಿ ಎಂದರೆ ಏನು?

ಗರಿಗರಿಯನ್ನು ನಾವು ನಾಲಿಗೆಯಿಂದಷ್ಟೇ ಅಲ್ಲ, ಕಿವಿಯಿಂದಲೂ ಅರಿಯುತ್ತೇವೆ. ೨೦೦೪ರಲ್ಲಿ ಮಾಸ್ಸಿಮಿಲಿಯಾನೊ ಜಂಪೀನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚಿಪ್ಸ್ ಕಚ್ಚುತ್ತಿರುವವರ ಕಿವಿಗೆ ಅವರದೇ ಕಚ್ಚುವ ಸದ್ದನ್ನು ಹೆಚ್ಚಿಸಿ ಕೇಳಿಸಿದಾಗ, ಅದೇ ಚಿಪ್ಸ್ ಹೆಚ್ಚು ಗರಿಯಾಗಿಯೂ ತಾಜಾ ಆಗಿಯೂ ಇದೆಯೆಂದು ಅವರು ಹೇಳಿದರು. ಧ್ವನಿಗ್ರಾಹಕವನ್ನು ತಟ್ಟೆಯ ಹತ್ತಿರ ಹಿಡಿಯುವ ನಮ್ಮ ಟೆಲಿವಿಷನ್ ಮಂದಿಗೆ ಈ ಗುಟ್ಟು ಅನುಭವದಿಂದ ತಿಳಿದದ್ದೇ.

ಸದ್ದು ಬರಬೇಕಾದರೆ ಮೇಲಿನ ಪದರ ಬಾಗದೆ ಮುರಿಯಬೇಕು. ಹಪ್ಪಳವನ್ನು ನೆನೆಯಿರಿ. ಕರಿದ ಕೂಡಲೇ ಪಟಪಟನೆ ಮುರಿಯುವ ಹಪ್ಪಳ ಮಳೆಗಾಲದಲ್ಲಿ ತೆರೆದಿಟ್ಟರೆ ಗಂಟೆಯೊಳಗೆ ತೊಗಲಿನಂತಾಗುತ್ತದೆ. ಅದರಲ್ಲಿನ ಪಿಷ್ಟ ಬದಲಾಗಿಲ್ಲ. ಗಾಳಿಯ ತೇವವನ್ನು ಸ್ವಲ್ಪ ಹೀರಿಕೊಂಡಿದೆ, ಅಷ್ಟೆ. ಒಣಗಿದ ಪಿಷ್ಟ ಗಾಜಿನಂತೆ ಬಿರುಸು, ತೇವ ಸೇರಿದ ಪಿಷ್ಟ ರಬ್ಬರಿನಂತೆ ಮೆದು. ಫ್ರೈಸ್‌ನ ಕಥೆಯೂ ಇದೇ. ಒಳಗೆ ನೀರಿರಬೇಕು, ಮೇಲೆ ಒಂದೆರಡು ಮಿಲಿಮೀಟರಿನ ಪದರದಲ್ಲಿ ಇರಬಾರದು. ಮುಂದೆ ಬರುವ ಪ್ರತಿಯೊಂದು ಹಂತವೂ ಈ ಒಂದು ಮಾತಿನ ವಿಸ್ತರಣೆ.

ಬಾಣಲೆ ಗೆಲ್ಲುವುದೇಕೆ, ಓವನ್ ಸೋಲುವುದೇಕೆ?

೨೦೦ ಡಿಗ್ರಿಗೆ ಕಾದ ಓವನ್ನಿನೊಳಗೆ ಕೈಯನ್ನು ಯಾವುದಕ್ಕೂ ತಾಗಿಸದೆ ಒಂದೆರಡು ಕ್ಷಣ ಹಾಯಿಸಬಹುದು. ೧೦೦ ಡಿಗ್ರಿಯ ಕುದಿಯುವ ನೀರಿನಲ್ಲಿ ಬೆರಳ ತುದಿ ಅದ್ದಿದರೂ ಬೊಬ್ಬೆ ಏಳುತ್ತದೆ. ಉಷ್ಣತೆ ಬೇರೆ, ಶಾಖ ದಾಟುವ ವೇಗ ಬೇರೆ. ಗಾಳಿ ಶಾಖವನ್ನು ಬಹಳ ಜಿಪುಣತನದಿಂದ ಕೊಡುತ್ತದೆ. ೧೭೫ ಡಿಗ್ರಿಯ ಎಣ್ಣೆ ತುಂಡನ್ನು ಎಲ್ಲ ಕಡೆಯಿಂದ ತಬ್ಬಿಕೊಂಡು ಅನೇಕ ಪಟ್ಟು ವೇಗವಾಗಿ ಶಾಖ ಸುರಿಯುತ್ತದೆ. ಮೇಲ್ಮೈಯ ನೀರು ಕ್ಷಣದಲ್ಲಿ ಆವಿಯಾಗುತ್ತದೆ.

ಇನ್ನು ಲೆಕ್ಕ ಹಾಕೋಣ. ಆಲೂಗೆಡ್ಡೆಯಲ್ಲಿ ಸುಮಾರು ಶೇಕಡ ೮೦ ಭಾಗ ನೀರು. ೬೦೦ ಗ್ರಾಂ ತುಂಡುಗಳಿಂದ ಸುಮಾರು ೨೪೦ ಗ್ರಾಂ ನೀರು ಹೋದರೆ ಫ್ರೈಸ್ ಹದಕ್ಕೆ ಬಂದಂತೆ. ಒಂದು ಗ್ರಾಂ ನೀರನ್ನು ಆವಿ ಮಾಡಲು ಸುಮಾರು ೨೨೬೦ ಜೂಲ್ ಬೇಕು. ಅಂದರೆ ಒಟ್ಟು ೫ ಲಕ್ಷ ೪೨ ಸಾವಿರ ಜೂಲ್. ೧೫೦೦ ವಾಟಿನ ಮನೆಯ ಓವನ್ನಿನ ಶಾಖವೆಲ್ಲ ನೀರಿಗೇ ಸಂದರೆ ಆರು ನಿಮಿಷದ ಕೆಲಸ. ಆದರೂ ನಲವತ್ತು ನಿಮಿಷ ಏಕೆ ಹಿಡಿಯುತ್ತದೆ? ಶಾಖದ ಬಹುಪಾಲು ಓವನ್ನಿನ ಗೋಡೆಗೆ, ತಟ್ಟೆಗೆ, ಅಡುಗೆಮನೆಗೆ ಹೋಗುತ್ತದೆ. ತುಂಡಿಗೆ ದಕ್ಕುವುದು ಸ್ವಲ್ಪ. ಆದ್ದರಿಂದ ಓವನ್ನಿನ ಮೇಲೆ ಹೊರೆ ಹಾಕುವ ಮೊದಲೇ ಮೇಲ್ಮೈಯ ನೀರನ್ನು ನಾವು ಪುಕ್ಕಟೆಯಾಗಿ ತೆಗೆದುಬಿಡಬೇಕು.

ಗೆಡ್ಡೆಯ ಆಯ್ಕೆ

ನೀರು ಕಡಿಮೆ, ಪಿಷ್ಟ ಹೆಚ್ಚು ಇರುವ ಗೆಡ್ಡೆಯೇ ಫ್ರೈಸ್‌ಗೆ ಲೇಸು. ಹಾಸನ, ಚಿಕ್ಕಬಳ್ಳಾಪುರಗಳ ಕಡೆಯಿಂದ ಬರುವ ಹೊಸ ಗೆಡ್ಡೆ, ಅದರಲ್ಲೂ ಮಳೆಗಾಲದಲ್ಲಿ ಕಿತ್ತದ್ದು, ನೀರು ಹೆಚ್ಚಿರುವುದರಿಂದ ಪಲ್ಯ ಸಾಗುಗಳಿಗೆ ಒಳ್ಳೆಯದು. ಸಿಪ್ಪೆ ಗಟ್ಟಿಯಾಗಿ ಬಲಿತ ಗೆಡ್ಡೆ ಫ್ರೈಸ್‌ಗೆ ಸೂಕ್ತ. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು ೧೯೯೮ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಚಿಪ್ಸೋನ ತಳಿಗಳು ಇಂಥ ಕೆಲಸಕ್ಕೆಂದೇ ರೂಪಿಸಿದವು, ಸಿಕ್ಕರೆ ಬಿಡಬೇಡಿ.

ಅಂಗಡಿಯವನಿಗೆ ತಳಿಯ ಹೆಸರು ಗೊತ್ತಿಲ್ಲದಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ೧ ಲೀಟರ್ ನೀರಿಗೆ ೧೨೦ ಗ್ರಾಂ ಉಪ್ಪು ಕರಗಿಸಿ. ತೊಳೆದ ಗೆಡ್ಡೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಪಿಷ್ಟ ಹೆಚ್ಚು, ಫ್ರೈಸ್‌ಗೆ ತೆಗೆದಿಡಿ. ತೇಲಿದರೆ ನೀರು ಹೆಚ್ಚು, ಪಲ್ಯಕ್ಕೆ ಕಳಿಸಿ. ಪಿಷ್ಟ ನೀರಿಗಿಂತ ಭಾರವಾದದ್ದೇ ಇದಕ್ಕೆ ಕಾರಣ.

ಇನ್ನೊಂದು ಎಚ್ಚರಿಕೆ. ಶೀತಲಗೃಹದ ೨ರಿಂದ ೪ ಡಿಗ್ರಿ ಚಳಿಯಲ್ಲಿ ಬಹುಕಾಲ ಇದ್ದ ಗೆಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆಯಾಗಿ ಮಾರ್ಪಡುತ್ತದೆ. ಬೇಯಿಸಿ ತಿಂದಾಗ ಸಿಹಿ ಎನಿಸುವ ಗೆಡ್ಡೆ ಇದೇ. ಓವನ್ನಿನಲ್ಲಿ ಇದು ಗರಿಯಾಗುವ ಮೊದಲೇ ಕಪ್ಪಾಗುತ್ತದೆ. ತಂದ ಗೆಡ್ಡೆ ಹೀಗಿದ್ದರೆ ಒಂದೆರಡು ವಾರ ಗಾಳಿಯಾಡುವ ಕತ್ತಲೆ ಮೂಲೆಯಲ್ಲಿಡಿ. ಸಕ್ಕರೆ ಒಂದಷ್ಟು ಇಳಿಯುತ್ತದೆ. ಬೆಳಕು ತಾಗಿ ಹಸಿರಾದ, ಮೊಳಕೆ ಜೋರಾದ ಗೆಡ್ಡೆಯನ್ನು ಮಾತ್ರ ಯಾವ ಅಡುಗೆಗೂ ಬಳಸಬೇಡಿ. ಅದರಲ್ಲಿ ಸೊಲನಿನ್ ಎಂಬ ವಿಷವಸ್ತು ಹೆಚ್ಚಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ.

ಮೂವರಿಗೆ ಬೇಕಾಗುವ ಸಾಮಗ್ರಿ

ಫ್ರೈಸ್‌ಗೆ: ಸಿಪ್ಪೆ ತೆಗೆದ ಆಲೂಗೆಡ್ಡೆ ೬೦೦ ಗ್ರಾಂ, ಆಲಿವ್ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆ ೨ ದೊಡ್ಡ ಚಮಚ, ಕಾರ್ನ್‌ಫ್ಲೋರ್ ೧ ದೊಡ್ಡ ಚಮಚ, ಬಿಳಿ ವಿನಿಗರ್ ಅಥವಾ ನಿಂಬೆರಸ ೧ ದೊಡ್ಡ ಚಮಚ, ಒಣ ಓರೆಗಾನೊ ೧ ಚಿಕ್ಕ ಚಮಚ, ಉಪ್ಪು, ಒಂದು ನಿಂಬೆಹಣ್ಣಿನ ಹೋಳುಗಳು.

ಡಿಪ್‌ಗೆ: ಗಟ್ಟಿ ಮೊಸರು ೫೦೦ ಗ್ರಾಂ, ಫೆಟಾ ೧೦೦ ಗ್ರಾಂ, ಬೆಳ್ಳುಳ್ಳಿ ೧ ಎಸಳು, ಆಲಿವ್ ಎಣ್ಣೆ ೧ ದೊಡ್ಡ ಚಮಚ, ನಿಂಬೆರಸ ೧ ಚಿಕ್ಕ ಚಮಚ, ಮೆಣಸಿನ ಪುಡಿ ಚಿಟಿಕೆ. ಡಿಪ್‌ನ ಮೊಸರನ್ನು ನಾಲ್ಕು ಗಂಟೆ ಮೊದಲೇ ಕಟ್ಟಿಡಬೇಕಾದ್ದರಿಂದ ಕೆಲಸವನ್ನು ಅಲ್ಲಿಂದಲೇ ಆರಂಭಿಸಿ.

ಮಾಡುವ ಕ್ರಮ, ಕಾರಣ ಸಹಿತ

೧. ಹೆಚ್ಚುವುದು. ಗೆಡ್ಡೆಯನ್ನು ಕಿರುಬೆರಳ ದಪ್ಪಕ್ಕೆ, ಸುಮಾರು ೧೨ ಮಿಲಿಮೀಟರಿಗೆ, ಉದ್ದುದ್ದ ಹೆಚ್ಚಿಕೊಳ್ಳಿ. ಎಲ್ಲವೂ ಒಂದೇ ದಪ್ಪವಿರಲಿ. ಸಣ್ಣದು ಸುಡುವಾಗ ದಪ್ಪದ್ದು ಹಸಿಯಾಗಿರುವುದು ಹೆಚ್ಚಿನ ತಟ್ಟೆಗಳ ರೋಗ.

೨. ತೊಳೆಯುವುದು. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಚಾಕು ಸೀಳಿದ ಜೀವಕೋಶಗಳಿಂದ ಹೊರಬಂದ ಬಿಡಿ ಪಿಷ್ಟವೂ ಸಕ್ಕರೆಯೂ ಇದರಿಂದ ಹೋಗುತ್ತವೆ. ಬಿಡಿ ಪಿಷ್ಟ ಉಳಿದರೆ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

೩. ಹುಳಿನೀರಿನಲ್ಲಿ ಅರೆಬೇಯಿಸುವುದು. ಒಂದೂವರೆ ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು, ವಿನಿಗರ್ ಹಾಕಿ ಕುದಿಸಿ, ತುಂಡುಗಳನ್ನು ಬಿಟ್ಟು, ಮತ್ತೆ ಕುದಿ ಬಂದ ಮೇಲೆ ಆರೇಳು ನಿಮಿಷ ಬೇಯಿಸಿ. ಹುಳಿ ಏಕೆ? ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ತರಕಾರಿ ಬೆಂದ ಮೇಲೆಯೇ ಹುಣಸೆರಸ ಹಾಕಬೇಕೆಂಬುದು ಹುಳಿ ಮಾಡುವ ಎಲ್ಲರಿಗೂ ಗೊತ್ತು. ಮೊದಲೇ ಹಾಕಿದರೆ ತರಕಾರಿ ಗಟ್ಟಿಯಾಗಿಯೇ ಉಳಿಯುತ್ತದೆ. ಅಲ್ಲಿ ತೊಡಕಾದದ್ದು ಇಲ್ಲಿ ಅನುಕೂಲ. ಒಳಗಿನ ಪಿಷ್ಟ ಸುಮಾರು ೬೦ರಿಂದ ೭೦ ಡಿಗ್ರಿಯಲ್ಲಿ ನೀರು ಹೀರಿ ಉಬ್ಬಿ ಬೇಯುತ್ತದೆ, ತುಂಡು ಮಾತ್ರ ಮುರಿಯುವುದಿಲ್ಲ. ಚಾಕುವಿನ ತುದಿ ಸಲೀಸಾಗಿ ಇಳಿಯಬೇಕು, ತುಂಡು ನೆಟ್ಟಗೆ ನಿಲ್ಲಬೇಕು. ಅದೇ ಹದ.

೪. ಆರಿಸುವುದು. ಇದೇ ಎಲ್ಲಕ್ಕಿಂತ ಮುಖ್ಯವಾದ, ಕ್ಯಾಮೆರಾ ಎಂದೂ ತೋರಿಸದ ಹಂತ. ತೂತಿನ ಪಾತ್ರೆಗೆ ಬಸಿದು, ಅಗಲವಾದ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ಹತ್ತರಿಂದ ಹದಿನೈದು ನಿಮಿಷ ಬಿಡಿ. ಬಿಸಿ ತುಂಡು ತನ್ನ ಶಾಖದಿಂದಲೇ ಮೇಲ್ಮೈಯ ನೀರನ್ನು ಆವಿ ಮಾಡಿ ಕಳಿಸುತ್ತದೆ. ಓವನ್ನಿನ ಅರ್ಧ ಕೆಲಸ ಇಲ್ಲೇ ಮುಗಿಯಿತು, ಅದೂ ವಿದ್ಯುತ್ತಿಲ್ಲದೆ. ಮುಚ್ಚಿಟ್ಟರೆ ಆ ಆವಿಯೇ ಮತ್ತೆ ನೀರಾಗಿ ಮೇಲೆ ಕೂರುತ್ತದೆ. ಮುಟ್ಟಿದರೆ ಮೇಲ್ಮೈ ಒಣಗಿ, ಸುಣ್ಣ ಬಳಿದಂತೆ ಮಂಕಾಗಿ ಕಾಣಬೇಕು.

೫. ಓವನ್ ಕಾಯಿಸುವುದು. ತುಂಡುಗಳು ಆರುತ್ತಿರುವಾಗ, ಖಾಲಿ ತಟ್ಟೆಯನ್ನು ಒಳಗಿಟ್ಟು ಓವನ್ನನ್ನು ೨೨೦ ಡಿಗ್ರಿಗೆ ಕಾಯಿಸಿ. ಗಾಳಿ ಜಿಪುಣ, ಲೋಹ ಧಾರಾಳಿ. ಕಾದ ತಟ್ಟೆಗೆ ತಾಗಿದ ಬದಿ ಬಾಣಲೆಯಲ್ಲಿ ಕರಿದಂತೆಯೇ ಗಟ್ಟಿಯಾಗುತ್ತದೆ.

೬. ಹಿಟ್ಟು, ಎಣ್ಣೆ. ಆರಿದ ತುಂಡುಗಳಿಗೆ ಕಾರ್ನ್‌ಫ್ಲೋರ್ ಉದುರಿಸಿ ಮೃದುವಾಗಿ ಕುಲುಕಿ, ಆಮೇಲೆ ಎಣ್ಣೆ ಸವರಿ. ಹಿಟ್ಟು ಅಳಿದುಳಿದ ತೇವವನ್ನು ಹೀರಿ ತೆಳುವಾದ ಕವಚವಾಗುತ್ತದೆ. ಎಣ್ಣೆ ರುಚಿಗಷ್ಟೇ ಅಲ್ಲ. ತುಂಡಿಗೂ ತಟ್ಟೆಗೂ ನಡುವಿನ ಸಂದುಗಳನ್ನು ತುಂಬಿ ಶಾಖ ದಾಟಿಸುವ ಸೇತುವೆ ಅದು. ಆದ್ದರಿಂದ ಎಣ್ಣೆಯನ್ನು ಪೂರ್ತಿ ಬಿಡುವ ಸಾಹಸ ಬೇಡ.

೭. ಹುರಿಯುವುದು. ಕಾದ ತಟ್ಟೆಯ ಮೇಲೆ ತುಂಡಿನಿಂದ ತುಂಡಿಗೆ ಜಾಗ ಬಿಟ್ಟು ಒಂದೇ ಪದರವಾಗಿ ಜೋಡಿಸಿ. ಒತ್ತಾಗಿ ಸುರಿದರೆ ಒಂದರ ಆವಿಯಲ್ಲಿ ಇನ್ನೊಂದು ಬೇಯುತ್ತದೆ. ನಿಮ್ಮದು ಇಡ್ಲಿ ಪಾತ್ರೆಯಾಯಿತೇ ಹೊರತು ಓವನ್ ಆಗಲಿಲ್ಲ. ಇಪ್ಪತ್ತು ನಿಮಿಷ ಮುಟ್ಟಬೇಡಿ. ಪದರ ಗಟ್ಟಿಯಾದ ಮೇಲೆ ತುಂಡು ತಾನಾಗಿ ತಟ್ಟೆ ಬಿಡುತ್ತದೆ. ಆಗ ಮಗುಚಿ, ಇನ್ನೂ ಹದಿನೈದರಿಂದ ಇಪ್ಪತ್ತು ನಿಮಿಷ ಬಿಡಿ. ಫ್ಯಾನ್ ಇಲ್ಲದ ಓವನ್ನಾದರೆ ಕೊನೆಯ ಹತ್ತು ನಿಮಿಷದಲ್ಲಿ ಎರಡು ಸಲ ಬಾಗಿಲನ್ನು ಕ್ಷಣಕಾಲ ತೆರೆದು ಆವಿಯನ್ನು ಹೊರಗೆ ಬಿಡಿ.

೮. ರುಚಿ ಸೇರಿಸುವುದು. ಓರೆಗಾನೊ, ಉಪ್ಪು, ನಿಂಬೆ ಎಲ್ಲವೂ ಹೊರತೆಗೆದ ಮೇಲೆ. ಓರೆಗಾನೊ ಮೊದಲೇ ಹಾಕಿದರೆ ಸುಟ್ಟು ಕಹಿಯಾಗುತ್ತದೆ. ನಿಂಬೆ ಮೊದಲೇ ಹಿಂಡಿದರೆ ಇಷ್ಟು ಕಷ್ಟಪಟ್ಟು ಕಳಿಸಿದ ನೀರನ್ನು ಮತ್ತೆ ಕರೆದಂತೆ. ನಿಂಬೆಯ ಹೋಳನ್ನು ಬದಿಗಿಡಿ, ತಿನ್ನುವವರು ತಿನ್ನುವಾಗ ಹಿಂಡಿಕೊಳ್ಳಲಿ. ಓರೆಗಾನೊ ಸಿಗದಿದ್ದರೆ? ಅದರ ಪರಿಮಳಕ್ಕೆ ಕಾರಣವಾದ ಕಾರ್ವಕ್ರೋಲ್, ಥೈಮೋಲ್ ಎಂಬ ವಸ್ತುಗಳು ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲೂ ಇವೆ. ಥೈಮೋಲ್ ಓಮಿನಲ್ಲಿ ಧಾರಾಳವಾಗಿದೆ. ನೆರಳಲ್ಲಿ ಒಣಗಿಸಿ ಪುಡಿಮಾಡಿದ ದೊಡ್ಡಪತ್ರೆ ಗ್ರೀಸಿನ ರುಚಿಗೆ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತದೆ.

ಡಿಪ್: ಇಲ್ಲಿಯೂ ನೀರಿನದೇ ಮಾತು

ಗ್ರೀಕರ ಮೊಸರು ಗಟ್ಟಿಯಾಗಿರುವುದು ಯಾವ ಮಾಯೆಯಿಂದಲೂ ಅಲ್ಲ, ಸೋಸಿರುವುದರಿಂದ. ಶ್ರೀಖಂಡ ಮಾಡುವ ಉತ್ತರ ಕರ್ನಾಟಕದ ಮನೆಗಳಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ಚಕ್ಕಾ ಮಾಡುತ್ತಾರಲ್ಲ, ಅದೇ ಕ್ರಮ. ಹಾಲಿನ ಕೇಸೀನ್ ಎಂಬ ಪ್ರೋಟೀನು ಹುಳಿಯಲ್ಲಿ ಹೆಪ್ಪುಗಟ್ಟಿ ಬಲೆಯಾಗಿರುತ್ತದೆ. ನೇತುಹಾಕಿದಾಗ ಬಲೆ ಉಳಿದು ನೀರು ಇಳಿಯುತ್ತದೆ. ೫೦೦ ಗ್ರಾಂ ಮೊಸರು ನಾಲ್ಕು ಗಂಟೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಹೊರಗೆ ಕಟ್ಟಿದರೆ ಹುಳಿ ಏರುವುದರಿಂದ ಫ್ರಿಜ್‌ನೊಳಗೆ ಜಾಲರಿಯ ಮೇಲಿಡಿ. ಇಳಿದ ನೀರನ್ನು ಚೆಲ್ಲದೆ ಚಪಾತಿ ಹಿಟ್ಟು ಕಲಸಲು ಬಳಸಿ.

ಫೆಟಾ ಎಂಬ ಹೆಸರು ಐರೋಪ್ಯ ಒಕ್ಕೂಟದಲ್ಲಿ ೨೦೦೨ರಿಂದ ಗ್ರೀಸಿಗೆ ಮೀಸಲು. ಕುರಿಯ ಹಾಲಿಗೆ ಹೆಚ್ಚೆಂದರೆ ಶೇಕಡ ೩೦ರಷ್ಟು ಮೇಕೆಯ ಹಾಲು ಸೇರಿಸಿ ಮಾಡಿ, ಉಪ್ಪುನೀರಿನಲ್ಲಿ ಕನಿಷ್ಠ ಎರಡು ತಿಂಗಳು ಮಾಗಿಸಿದ ಗಿಣ್ಣು ಅದು. ನಮ್ಮ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು. ಬದಲಿಗೆ ತಾಜಾ ಪನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು, ಸ್ವಲ್ಪ ಹೆಚ್ಚು ನಿಂಬೆರಸ ಸೇರಿಸಿ ಬಳಸಬಹುದು. ಅದು ಫೆಟಾ ಆಗುವುದಿಲ್ಲ, ಮಾಗಿದ ಗಿಣ್ಣಿನ ಘಾಟು ಬರುವುದಿಲ್ಲ. ಆದರೂ ಡಿಪ್ ರುಚಿಯಾಗಿಯೇ ಇರುತ್ತದೆ.

ಫೆಟಾವನ್ನು ಪುಡಿಮಾಡಿ, ಕಟ್ಟಿದ ಮೊಸರಿನ ಎರಡು ಚಮಚದೊಂದಿಗೆ ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಳ್ಳಿ. ಉಳಿದ ಮೊಸರನ್ನು ಕೈಯಿಂದಲೇ ಬೆರೆಸಿ. ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಕೇಸೀನಿನ ಬಲೆ ಹರಿದು ಡಿಪ್ ನೀರಾಗುತ್ತದೆ. ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಮೆಣಸಿನ ಪುಡಿ ಸೇರಿಸಿ, ಕೊನೆಗೆ ಎಣ್ಣೆಯನ್ನು ಸಣ್ಣ ಧಾರೆಯಾಗಿ ಹಾಕುತ್ತ ಕಲಸಿ. ಫೆಟಾದಲ್ಲೇ ಸಾಕಷ್ಟು ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ. ರಕ್ತದೊತ್ತಡವಿರುವವರು ಫೆಟಾವನ್ನು ಅರ್ಧಕ್ಕಿಳಿಸಿ ಮೊಸರು ಹೆಚ್ಚಿಸಿಕೊಳ್ಳಿ.

ಇದೇ ಮೊಸರಿಗೆ ಫೆಟಾ ಬದಲು ತುರಿದ ಸೌತೆಕಾಯಿ, ಬೆಳ್ಳುಳ್ಳಿ ಸೇರಿಸಿದರೆ ಅದೇ ಗ್ರೀಕರ ಪ್ರಸಿದ್ಧ ತ್ಸಾತ್ಸೀಕಿ. ಹೆಸರು ತುರ್ಕಿ ಭಾಷೆಯ 'ಜಜಿಕ್' ಎಂಬ ಪದದಿಂದ ಬಂದದ್ದು. ನಮ್ಮ ಸೌತೆಕಾಯಿ ಮೊಸರು ಬಜ್ಜಿಯ ದೂರದ ನೆಂಟನೆಂದರೂ ತಪ್ಪಿಲ್ಲ. ಸೌತೆಯ ತುರಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಬಿಗಿಯಾಗಿ ಹಿಂಡಿ ಹಾಕಿ. ಹಿಂಡದೆ ಹಾಕಿದರೆ ಅರ್ಧ ಗಂಟೆಯಲ್ಲಿ ಡಿಪ್ ಮಜ್ಜಿಗೆಯಾಗುತ್ತದೆ.

ಹೊಂಬಣ್ಣದ ಗೆರೆ

ಫ್ರೈಸ್‌ನ ಬಣ್ಣ, ಪರಿಮಳಗಳ ಹಿಂದೆ ಇರುವುದು ಮೇಯಾರ್ ಪ್ರಕ್ರಿಯೆ. ಲೂಯಿ ಕಮೀಲ್ ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ ೧೯೧೨ರಲ್ಲಿ ಇದನ್ನು ವಿವರಿಸಿದ. ಮೇಲ್ಮೈ ಒಣಗಿ ಉಷ್ಣತೆ ಏರಿದಾಗ ಸಕ್ಕರೆಯೂ ಅಮೈನೋ ಆಮ್ಲವೂ ಸೇರಿ ನೂರಾರು ಸುವಾಸನೆಯ ವಸ್ತುಗಳಾಗುತ್ತವೆ. ಹುರಿದ ಕಾಫಿ, ದೋಸೆಯ ಕೆಂಪು ಅಂಚು ಎಲ್ಲವೂ ಇದರದೇ ಕೊಡುಗೆ. ನೀರು ಇರುವವರೆಗೆ ಮೇಲ್ಮೈ ೧೦೦ ಡಿಗ್ರಿಯ ಆಸುಪಾಸಿನಲ್ಲೇ ಇರುವುದರಿಂದ ಬಣ್ಣ ಬರುವುದಿಲ್ಲ. ಒಣಗಿದ ಮೇಲೆ ಬಣ್ಣ ಓಡೋಡಿ ಬರುತ್ತದೆ. ಕೊನೆಯ ಐದು ನಿಮಿಷ ನೀವು ಓವನ್ ಬಿಟ್ಟು ಕದಲಬಾರದೆನ್ನುವುದು ಇದಕ್ಕೇ.

ಇದೇ ಪ್ರಕ್ರಿಯೆಗೆ ಇನ್ನೊಂದು ಮುಖವಿದೆ. ಆಲೂಗೆಡ್ಡೆಯಲ್ಲಿ ಹೇರಳವಾಗಿರುವ ಆಸ್ಪರಜೀನ್ ಎಂಬ ಅಮೈನೋ ಆಮ್ಲವು ಸಕ್ಕರೆಯೊಂದಿಗೆ ಸುಮಾರು ೧೨೦ ಡಿಗ್ರಿಗಿಂತ ಮೇಲೆ ಅಕ್ರಿಲಮೈಡ್ ಎಂಬ ವಸ್ತುವಾಗುತ್ತದೆ. ಆಹಾರದಲ್ಲಿ ಇದು ಇರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು ೨೦೦೨ರಲ್ಲಿ ಪ್ರಕಟಿಸಿದಾಗ ಜಗತ್ತೇ ಬೆಚ್ಚಿಬಿದ್ದಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೧೯೯೪ರಲ್ಲೇ ಇದನ್ನು 'ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತ್ತು. ಆ ಸಾಕ್ಷ್ಯ ಮುಖ್ಯವಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳದು. ಊಟದ ಮೂಲಕ ಮನುಷ್ಯರಿಗೆ ಆಗುವ ಹಾನಿಯ ಬಗ್ಗೆ ಖಚಿತ ಪುರಾವೆ ಸಿಕ್ಕಿಲ್ಲ. ಭಯಪಡಬೇಕಾಗಿಲ್ಲ, ಉದಾಸೀನವೂ ಸಲ್ಲದು. ಬ್ರಿಟನ್ನಿನ ಆಹಾರ ಇಲಾಖೆ ೨೦೧೭ರಲ್ಲಿ ಜನರಿಗೆ ಕೊಟ್ಟ ಸಲಹೆ ಸರಳವಾಗಿತ್ತು: ಹೊಂಬಣ್ಣಕ್ಕೆ ನಿಲ್ಲಿಸಿ, ಕಂದು ಬಣ್ಣಕ್ಕೆ ಬಿಡಬೇಡಿ.

ಓವನ್ನಿನಲ್ಲಿ ಮಾಡಿದ ಮಾತ್ರಕ್ಕೆ ಅಕ್ರಿಲಮೈಡ್ ತಪ್ಪುವುದಿಲ್ಲ ಎಂಬುದನ್ನು ನೆನಪಿಡಿ. ಅದನ್ನು ತಗ್ಗಿಸುವುದು ಸರಿಯಾದ ಗೆಡ್ಡೆ, ತೊಳೆಯುವುದು, ಅರೆಬೇಯಿಸುವುದು, ಸಕಾಲಕ್ಕೆ ಹೊರತೆಗೆಯುವುದು. ಗರಿಗಾಗಿ ನಾವು ಮಾಡಿದ ಕೆಲಸಗಳೇ ಇಲ್ಲಿ ಆರೋಗ್ಯಕ್ಕೂ ಒದಗುತ್ತವೆ. ಗರಿ ಬರುವುದು ನೀರು ಹೋಗುವುದರಿಂದ, ಬಣ್ಣ ಕಪ್ಪಾಗುವುದರಿಂದಲ್ಲ. ನೀರನ್ನು ಮೊದಲೇ ಕಳಿಸಿದವರು ಗರಿಗಾಗಿ ಕಪ್ಪಾಗುವವರೆಗೆ ಕಾಯಬೇಕಾಗಿಲ್ಲ.

ಕೆಲವು ಸಾಮಾನ್ಯ ಪ್ರಶ್ನೆಗಳು

ಮೈಕ್ರೊವೇವ್‌ನಲ್ಲಿ ಮಾಡಬಹುದೇ? ಬರಿಯ ಮೈಕ್ರೊವೇವ್‌ನಲ್ಲಿ ಆಗದು. ಅದು ತುಂಡಿನೊಳಗಿನ ನೀರನ್ನೇ ಬಿಸಿಮಾಡಿ ಆವಿಯನ್ನು ಮೇಲ್ಮೈಗೆ ತಳ್ಳುತ್ತದೆ. ಸುತ್ತಲಿನ ಗಾಳಿ ತಣ್ಣಗಿರುವುದರಿಂದ ಮೇಲ್ಮೈ ಒದ್ದೆಯಾಗಿಯೇ ಇರುತ್ತದೆ. ಕನ್ವೆಕ್ಷನ್ ಸೌಲಭ್ಯವಿದ್ದರೆ ಆ ವಿಧಾನದಲ್ಲಿ ಮಾಡಿ.

ಏರ್ ಫ್ರೈಯರ್? ಹೆಸರು ಏನೇ ಇರಲಿ, ಅದು ಜೋರಾದ ಫ್ಯಾನ್ ಇರುವ ಪುಟ್ಟ ಓವನ್. ವೇಗದ ಗಾಳಿ ಆವಿಯನ್ನು ಬೇಗ ಒಯ್ಯುವುದರಿಂದ ಕೆಲಸ ಚೆನ್ನಾಗಿ ಆಗುತ್ತದೆ. ೨೦೦ ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತೆರಡು ನಿಮಿಷ ಸಾಕು, ಎರಡು ಸಲ ಕುಲುಕಿ. ಬುಟ್ಟಿಯನ್ನು ತುಂಬಿಸಬೇಡಿ.

ಆಲಿವ್ ಎಣ್ಣೆ ಇಷ್ಟು ಶಾಖಕ್ಕೆ ಕೆಡುವುದಿಲ್ಲವೇ? ಓವನ್ ೨೨೦ ಡಿಗ್ರಿಯಲ್ಲಿದ್ದರೂ ನೀರು ಆವಿಯಾಗುತ್ತಿರುವ ತುಂಡಿನ ಮೇಲ್ಮೈ ಅಷ್ಟು ಬಿಸಿಯಾಗುವುದಿಲ್ಲ. ಹೊಗೆ ಕಾಣಿಸಿದರೆ ಮಾತ್ರ ಉಷ್ಣತೆಯನ್ನು ಹತ್ತು ಡಿಗ್ರಿ ಇಳಿಸಿ. ಗ್ರೀಕರು ತಲೆಮಾರುಗಳಿಂದ ಇದರಲ್ಲಿ ಕರಿಯುತ್ತಲೇ ಬಂದಿದ್ದಾರೆ.

ಎಣ್ಣೆ ನಿಜಕ್ಕೂ ಎಷ್ಟು ಉಳಿಯುತ್ತದೆ? ನೂರು ಗ್ರಾಂ ಕರಿದ ಫ್ರೈಸ್‌ನಲ್ಲಿ ಸುಮಾರು ೧೫ ಗ್ರಾಂ ಕೊಬ್ಬಿರುತ್ತದೆ. ನಮ್ಮ ಲೆಕ್ಕದಲ್ಲಿ ೨ ದೊಡ್ಡ ಚಮಚ ಎಣ್ಣೆ ಸುಮಾರು ೨೭ ಗ್ರಾಂ. ಸಿದ್ಧವಾದ ಫ್ರೈಸ್ ಸುಮಾರು ೩೬೦ ಗ್ರಾಂ. ಅಂದರೆ ನೂರು ಗ್ರಾಮಿಗೆ ಏಳೂವರೆ ಗ್ರಾಂ, ಹೆಚ್ಚುಕಡಿಮೆ ಅರ್ಧ. ಅರ್ಧ ಎಂದರೆ ಅರ್ಧವೇ, ಸೊನ್ನೆಯಲ್ಲ. ಪಿಷ್ಟವಂತೂ ಹಾಗೆಯೇ ಇದೆ. ಮಧುಮೇಹ ಇರುವವರು ಇದನ್ನು ಪಥ್ಯದ ಆಹಾರವೆಂದು ಭಾವಿಸದೆ ಅನ್ನ, ಚಪಾತಿಯ ಲೆಕ್ಕದಲ್ಲೇ ಸೇರಿಸಿ ಅಳತೆಯಲ್ಲಿ ತಿನ್ನಬೇಕು.

ಮಾಡಿಟ್ಟು ಆಮೇಲೆ ಬಡಿಸಬಹುದೇ? ಹೊರತೆಗೆದ ಕ್ಷಣದಿಂದಲೇ ಒಳಗಿನ ನೀರು ಹೊರಪದರದತ್ತ ಚಲಿಸತೊಡಗುತ್ತದೆ. ಹತ್ತು ನಿಮಿಷದೊಳಗೆ ತಿನ್ನುವುದು ಒಳ್ಳೆಯದು. ಮುಚ್ಚಬೇಡಿ, ರಾಶಿ ಹಾಕಬೇಡಿ, ಡಿಪ್ ಮೇಲೆ ಸುರಿಯಬೇಡಿ. ನೆಂಟರು ಬರುವುದಿದ್ದರೆ ಅರೆಬೇಯಿಸಿ ಆರಿಸುವವರೆಗಿನ ಕೆಲಸವನ್ನು ಬೆಳಗ್ಗೆಯೇ ಮುಗಿಸಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಫ್ರಿಜ್‌ನ ಒಣಗಾಳಿ ಇನ್ನಷ್ಟು ತೇವ ತೆಗೆಯುತ್ತದೆ, ಸಂಜೆಯ ಫ್ರೈಸ್ ಇನ್ನೂ ಚೆನ್ನಾಗಿ ಬರುತ್ತದೆ. ಡಿಪ್ ಫ್ರಿಜ್‌ನಲ್ಲಿ ಎರಡು ದಿನ ಇರುತ್ತದೆ.

ಕೊನೆಯದಾಗಿ ಒಂದು ಸೂಚನೆ. ಮನೆಯ ಓವನ್ನುಗಳ ಗುಂಡಿ ತೋರಿಸುವ ಉಷ್ಣತೆಗೂ ಒಳಗಿನ ನಿಜವಾದ ಉಷ್ಣತೆಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿರುವುದು ಸಾಮಾನ್ಯ. ಮೊದಲ ಸಲ ಅರ್ಧ ಅಳತೆಯಲ್ಲಿ ಮಾಡಿ. ಎಷ್ಟನೆಯ ನಿಮಿಷಕ್ಕೆ ತುಂಡು ತಟ್ಟೆ ಬಿಟ್ಟಿತು, ಎಷ್ಟನೆಯ ನಿಮಿಷಕ್ಕೆ ಹೊಂಬಣ್ಣ ಬಂತು ಎಂದು ಈ ಪುಟದ ಅಂಚಿನಲ್ಲೇ ಬರೆದಿಡಿ. ಎರಡನೆಯ ಸಲದಿಂ‍ದ ನಮ್ಮ ಅಂಕಿಗಳನ್ನು ಬಿಟ್ಟು ನಿಮ್ಮ ಅಂಕಿಗಳನ್ನೇ ನಂಬಿ.